ಹೆದರಿಕೆ ಇಲ್ಲದ ಡ್ರೈವರು

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿಗೆಂದು ವನಗೂರಿನ ಎಸ್ಟೇಟಿಗೆ ಹೊರಟಿದ್ದೆ. ಎಸ್ಟೇಟಿನವರದೇ ಜೀಪು ಬಂದಿತ್ತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಡ್ರೈವರನ್ನು ರೇಗಿಸೋಣ ಅಂತ ಘಾಟಿಯ ಮೊದಲ ತಿರುವಿನಲ್ಲೇ ಕೈಕಾಲು ನಡುಗಿಸಿ, "ಅಯ್ಯೋ, ಭಯ ಆಗ್ತಿದೆ ಮಾರಾಯ" ಎಂದೆ.

ಅವನು ನಂಬಿಬಿಟ್ಟ. ಜೇಬಿನಿಂದ ಮಾತ್ರೆ ಶೀಟು ತೆಗೆದು, "ಒಂದು ನುಂಗ್‌ಬುಡಿ ಸಾ. ನಂಗೂ ಎದೆ ಡವಡವ ಅಂತಿತ್ತು, ಹೆದರಿಕೆಗೆ ಅಂತ ಡಾಕ್ಟ್ರು ಕೊಟ್ಟವ್ರೆ. ಈಗ ಎಂಥಾ ಪ್ರಪಾತ ಕಂಡ್ರೂ ಏನೂ ಅನ್ಸಲ್ಲ ಕಣ್ರೀ" ಎಂದು ಉದ್ದಕ್ಕೆ ಆಕಳಿಸಿದ.

ನನ್ನ ನಡುಕ ಅಲ್ಲಿಂದ ನಿಜವಾಯಿತು.

"ಇದನ್ನ ತಗೊಂಡು ಗಾಡಿ ಓಡಿಸಬೇಡ ಅನ್ನಲಿಲ್ವೇನೋ ಡಾಕ್ಟ್ರು?"

"ಅಂದ್ರು ಸಾ. ಗಾಡಿ ಓಡ್ಸೋದು ಬಿಟ್ರೆ ಹೊಟ್ಟೆಗೇನು ಅಂತ ಗಾಬರಿಯಾಗಿ, ಇವತ್ತು ಎರಡು ನುಂಗ್‌ಬುಟ್ಟೆ."

ನಿಲ್ಲಿಸೋ ಎಂದರೆ, "ಈ ಏರಲ್ಲಿ ಬ್ರೇಕ್ ಹಿಡಿಯಲ್ಲ ಸಾ" ಎಂದ, ಅರ್ಧ ಮುಚ್ಚಿದ ಕಣ್ಣಲ್ಲಿ. ಅವನು ತೂಕಡಿಸಿದಾಗಲೆಲ್ಲ ನಾನು "ಆನೆ! ಆನೆ!" ಎಂದು ಕಿರುಚಿದೆ. ಬೆಚ್ಚಿಬಿದ್ದು ಸ್ಟೀರಿಂಗ್ ಸರಿಮಾಡಿಕೊಳ್ಳುತ್ತಿದ್ದ. ಎಸ್ಟೇಟ್ ಮುಟ್ಟುವಷ್ಟರಲ್ಲಿ ನಲವತ್ತು ಆನೆ ಕಂಡಿದ್ದೆ. ಬೇರೆ ಕಡೆ ಹೇಳುವಾಗ ಅರವತ್ತು ಅನ್ನುತ್ತೇನೆ.

ಜೀಪಿನಿಂದ ಇಳಿದವನೇ ಡ್ರೈವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ, "ಪಾಪ, ಇವ್ರಿಗೆ ಹೆದರಿಕೆ ಕಾಯಿಲೆ ನನಗಿಂತ ಜಾಸ್ತಿ ಐತೆ ಕಣ್ರೀ. ತಿರುವಿಗೊಂದು ಆನೆ ಕಾಣ್ತದೆ" ಎಂದು ಮರುಗಿ, ಉಳಿದ ಮಾತ್ರೆಯನ್ನೆಲ್ಲ ಶೀಟಿನ ಸಮೇತ ನನ್ನ ಜೇಬಿಗೆ ತುರುಕಿದ.

ನಾನು ಬೇಡ ಎನ್ನಲಿಲ್ಲ. ಸಂಜೆ ಘಾಟಿ ಇಳಿಯುವುದಕ್ಕೂ ಅದೇ ಜೀಪು, ಅವನೇ ಡ್ರೈವರು.