ಉಲ್ಲಂಕಿ ನೋಡಲು ಹೋದ ಅಪ್ಪ

ಚಿನ್ನದ ಗಣಿಯಿಂದ ನಿವೃತ್ತನಾದ ಮೇಲೆ ಅಪ್ಪನಿಗೆ ಉಳಿದದ್ದು ಒಂದೇ ಉದ್ಯೋಗ, ಹೆದರುವುದು. ತನ್ನ ಜಾಗಕ್ಕೆ ಅಣ್ಣನನ್ನು ಸೇರಿಸಿದವನು ಅವನೇ, ಸೇರಿಸಿದ ಖುಷಿಗೆ ಕೇರಿಗೆಲ್ಲ ಸಕ್ಕರೆ ಹಂಚಿದವನೂ ಅವನೇ. ಈಗ ಅಣ್ಣ ಕೆಳಗಿಳಿದ ಹೊತ್ತಿನಿಂದ ಮೇಲೆ ಬರುವವರೆಗೂ ಉರಿಗಾಂನ ಕಾರ್ಮಿಕರ ಸಾಲಿನಲ್ಲಿದ್ದ ನಮ್ಮ ಲೈನ್ ಮನೆಯ ನೆಲಕ್ಕೆ ಅಂಗೈ ಒತ್ತಿ ಕೂರುತ್ತಿದ್ದ. ಪಾತಾಳದಲ್ಲಿ ಬಂಡೆ ಸಿಡಿದರೆ ಮನೆಗಳು ನಡುಗಿ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ನಮ್ಮ ಮನೆಯಲ್ಲಿ ಬೆಕ್ಕು ಪಾತ್ರೆ ಉರುಳಿಸಿದರೂ ಅಪ್ಪ ಗಣಿಗೆ ಇಳಿಯುವ ಶಾಫ್ಟಿನ ಗೇಟಿಗೆ ಓಡುತ್ತಿದ್ದ.

ಎದೆ ಸರಿಯಿಲ್ಲ, ಮನಸ್ಸನ್ನು ಬೇರೆ ಕಡೆ ತಿರುಗಿಸಿ ಎಂದರು ಡಾಕ್ಟರು. ಎತ್ತ ತಿರುಗಿಸಬೇಕೆಂದು ಹೇಳಲಿಲ್ಲ, ಅದು ಅವರ ಇಲಾಖೆಯಲ್ಲ. ಬಂಗಾರಪೇಟೆಯಲ್ಲಿ ಮೇಷ್ಟ್ರಾಗಿದ್ದ ಸೋದರಮಾವ ಆ ಹೊಣೆ ಹೊತ್ತರು. ಊರು ಬಿಟ್ಟು ಹೋದ ಬಿಳಿ ದೊರೆಯೊಬ್ಬನ ದುರ್ಬೀನು ಹೇಗೋ ಅವರ ಕೈ ಸೇರಿತ್ತು. ದೀಪಾವಳಿ ಕಳೆದ ಮೇಲೆ ಕ್ಯಾಸಂಬಳ್ಳಿ ದಾರಿಯ ಕೆರೆಗೆ ಹಿಮಾಲಯ ದಾಟಿ ಉಲ್ಲಂಕಿ ಹಕ್ಕಿಗಳು ಬರುತ್ತವೆ, ನೋಡಿದರೆ ಮನಸ್ಸಿಗೆ ಶಾಂತಿ ಎಂದರು. ಅವರ ಮನಸ್ಸು ಶಾಂತವಾಗಿದ್ದದ್ದು ನಿಜ. ಸಿಟ್ಟನ್ನೆಲ್ಲ ಶಾಲೆಯ ಮಕ್ಕಳ ಬೆನ್ನ ಮೇಲೆ ಇಳಿಸಿಯೇ ಅವರು ಮನೆಗೆ ಬರುತ್ತಿದ್ದರು.

ಎಸ್ಸೆಲ್ಸಿ ಫೇಲಾಗಿ ಮನೆಯಲ್ಲಿದ್ದ ನನ್ನನ್ನು ಅಮ್ಮ ಅಪ್ಪನ ಜೊತೆಗೆ ಅಟ್ಟಿದಳು. ಕೊರಳಲ್ಲಿ ದುರ್ಬೀನು ಹಾಕಿಕೊಂಡು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತ ನನ್ನನ್ನು ನೋಡಿ, ಗಂಡು ಹುಡುಕಲು ಹೊರಟಳು ಎಂದರು ಲೈನಿನ ಹೆಂಗಸರು.

ಹಕ್ಕಿಗಳೋ, ಕೆಸರಿನ ಬಣ್ಣದವು. ಕೆಸರಿನಲ್ಲೇ ನಿಂತು, ಉದ್ದನೆಯ ಕೊಕ್ಕಿನಿಂದ ಕೆಸರನ್ನೇ ಚುಚ್ಚುತ್ತಿದ್ದವು. ಹಿಮಾಲಯ ದಾಟಿ ಬಂದದ್ದು ನಮ್ಮ ಕೆರೆಯ ಹುಳ ತಿನ್ನಲಿಕ್ಕೆ!

"ಅಷ್ಟು ದೂರದಿಂದ ಬಂದು ಮಣ್ಣು ಕೆದುಕ್ತಾವಲ್ಲ ಅಮ್ಮಣ್ಣಿ, ಇವುಕ್ಕೂ ನಮ್ದೇ ಬುದ್ಧಿ" ಎಂದು ಅಪ್ಪ ನಕ್ಕ. ಅವನು ನಕ್ಕು ಎಷ್ಟು ಕಾಲವಾಗಿತ್ತೋ. ಆಮೇಲೆ ದಿನಾ ಹೋದೆವು. ಮುದ್ದೆ ಸರಿಯಾಗಿ ಉಣ್ಣತೊಡಗಿದ, ನೆಲ ಮುಟ್ಟುವುದು ಕಡಿಮೆಯಾಯಿತು. ಮಾವನ ಹೆಮ್ಮೆಯನ್ನು ಸಹಿಸುವುದಷ್ಟೇ ಕಷ್ಟವಾಯಿತು.

ಒಂದು ಮಧ್ಯಾಹ್ನ ಅಷ್ಟೂ ಹಕ್ಕಿಗಳು ಒಮ್ಮೆಲೇ ಕಿರುಚಿಕೊಂಡು ಮೇಲೆದ್ದವು. ಅಪ್ಪ ದಡಕ್ಕನೆ ಎದ್ದು ನಿಂತ. ಗಣಿಯೊಳಗೆ ಬಂಡೆ ಕುಸಿಯುವ ಮೊದಲು ಇಲಿಗಳು ಓಡುತ್ತವಂತೆ. ಇಲಿ ಓಡಿದರೆ ಯಾಕೆಂದು ಕೇಳಬಾರದು, ಕೈಲಿದ್ದದ್ದು ಬಿಸಾಕಿ ಓಡಬೇಕು. ಜೀವಮಾನವೆಲ್ಲ ಅಪ್ಪ ನಂಬಿ ಬದುಕಿದ ಶಾಸ್ತ್ರ ಅದೊಂದೇ.

"ಗಿಡುಗ ಕಣಪ್ಪಾ! ಮ್ಯಾಲೆ ನೋಡು!" ಎಂದು ಕೂಗಿದೆ. ಗಿಡುಗ ಕಣ್ಣೆದುರೇ ಸುತ್ತುತ್ತಿತ್ತು. ಅಪ್ಪ ಆಗಲೇ ಸೈಕಲ್ ಹತ್ತಿದ್ದ. ನಾನು ಹಿಂದೆ ಓಡಿ ಹಾರಿ ಕೂತೆ.

ಶಾಫ್ಟಿನ ಕಡೆ ಹೀಗೆ ಸೈಕಲ್ ತುಳಿಯುವ ಹಳೆಯ ಗಣಿ ಆಳನ್ನು ಕಂಡರೆ ನಮ್ಮ ಲೈನಿನ ಹೆಂಗಸರು ಪ್ರಶ್ನೆ ಕೇಳುವುದಿಲ್ಲ. ಒಲೆಯ ಮೇಲಿನ ಸಾರು ಬಿಟ್ಟು ಹಿಂದೆ ಓಡಿ ಬಂದರು. ಗೇಟಿನ ಮುಂದೆ ಸಂತೆಯೇ ಸೇರಿತು. ಕೆಳಗೆ ಏನೂ ಆಗಿಲ್ಲವೆಂದು ಕಾವಲುಗಾರ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಹೇಳಿದ. ಮೂರು ಭಾಷೆಯಲ್ಲೂ ಯಾರೂ ನಂಬಲಿಲ್ಲ. ಒಮ್ಮೆ ಗೇಟಿಗೆ ಬಂದವರು ತಮ್ಮವರ ಮುಖ ನೋಡದೆ ಹಿಂದಿರುಗಬಾರದು, ಅದು ಅಪಶಕುನ. ಒಂದು ಗಿಡುಗದ ಹಸಿವಿಗೆ ಇಡೀ ಲೈನು ಬಿಸಿಲಲ್ಲಿ ನಿಂತಿತು.

ಪಾಳಿ ಮುಗಿದು ಆಳುಗಳನ್ನು ಹೊತ್ತ ಕೇಜು ಮೇಲೆ ಬಂತು. ಮೈಯೆಲ್ಲ ಧೂಳಾಗಿ ಹೊರಬಂದ ಅಣ್ಣ ನಮ್ಮನ್ನು ಕಂಡು ನಿಂತಲ್ಲೇ ನಿಂತ.

"ಅಮ್ಮುಂಗೇನಾಯ್ತಪ್ಪಾ?" ಎಂದ. ದಿನವೂ ಭೂಮಿಯ ಹೊಟ್ಟೆಗೆ ಇಳಿಯುವವನಿಗೆ ಮೇಲಿದ್ದ ನಮ್ಮ ಬಗ್ಗೆಯೇ ಭಯವಿತ್ತೆಂದು ನನಗೆ ಅಂದೇ ಗೊತ್ತಾದದ್ದು.

ಅಪ್ಪ ಅವನ ಎರಡೂ ಕೈ ಹಿಡಿದು, ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತ. "ಬಿಟ್ಬುಡ್ಲಾ ಈ ಕೆಲ್ಸ. ನಾನೇ ಇಳ್ಸಿದ್ದು ನಿನ್ನ, ನಾನೇ ಹೇಳ್ತಾ ಇವ್ನಿ, ಬಿಟ್ಬುಡ್ಲಾ."

"ಬಿಟ್ಟು? ಕೆರೆತಾವ ನಿನ್ ಜೊತೆ ಕೂರ್ಲಾ?" ಎಂದ ಅಣ್ಣ. ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ಮಾರನೆಯ ಬೆಳಿಗ್ಗೆ ಅಣ್ಣ ಎಂದಿನಂತೆ ಕೆಳಗಿಳಿದ. ಅಪ್ಪ ಬೇಡವೆನ್ನಲಿಲ್ಲ, ಗೇಟಿನವರೆಗೂ ಅವನ ಬುತ್ತಿ ಹಿಡಿದುಕೊಂಡು ಹೋದ.