ಗಂಟಲು ನೋಡುವ ರೋಷನಬಿ

ಬೆಳಗಿನ ಆರೂಮುಕ್ಕಾಲು. ಕಲಬುರಗಿ ಜಿಲ್ಲೆಯ ಕಮಲಾಪುರದ ಹೆಣ್ಣುಮಕ್ಕಳ ವಸತಿ ಶಾಲೆಯ ವರಾಂಡದಲ್ಲಿ ಹಲ್ಲುಜ್ಜಿ ಬಂದ ಹುಡುಗಿಯರು ಸಾಲಾಗಿ ನಿಂತಿದ್ದಾರೆ. ತುದಿಯಲ್ಲಿ ಸ್ಟೂಲಿನ ಮೇಲೆ ಕುಳಿತ ರೋಷನಬಿ ಒಬ್ಬೊಬ್ಬರ ಬಾಯಿ ತೆರೆಸಿ ಟಾರ್ಚು ಹಾಕುತ್ತಾರೆ. "ಆ ಅನ್ನವ್ವಾ, ಇನ್ನೂ ದೊಡ್ಡದಾಗಿ." ಕುತ್ತಿಗೆಯ ಎರಡೂ ಬದಿ ಒತ್ತಿ, ಹಣೆ ಮುಟ್ಟಿ ಮುಂದೆ ಕಳಿಸುತ್ತಾರೆ. ಸಾಲಿನಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ರೋಷನಬಿಯ ಕೈ ಅಲ್ಲೇ ನಿಲ್ಲುತ್ತದೆ.

ನಲವತ್ತಾರರ ರೋಷನಬಿ ಹನ್ನೊಂದು ವರ್ಷದಿಂದ ಇಲ್ಲಿಯ ನರ್ಸ್. ಮನೆ ಕಲಬುರಗಿಯ ಮೋಮಿನಪುರದಲ್ಲಿ. ಗಂಡ ನಬಿಸಾಬ್‌ಗೆ ಅಲ್ಲೇ ಹೊಲಿಗೆ ಅಂಗಡಿ. ನಸುಕಿನ ಮೊದಲ ಬಸ್ಸು ತಪ್ಪಿದರೆ ಸಾಲು ತಪ್ಪುತ್ತದೆಂದು ಅದನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಇನ್ನೂರ ಹದಿನಾಲ್ಕು ಮಕ್ಕಳಿಗೆ ಅವರೊಬ್ಬರೇ. ಕಜ್ಜಿ, ಹೇನು, ಹೊಟ್ಟೆನೋವು, ಮುಟ್ಟಿನ ನೋವು ಎಂದು ದಿನಕ್ಕೆ ಮೂವತ್ತು ಮಂದಿಯಾದರೂ ಬರುತ್ತಾರೆ. ಸೋಮವಾರ ರಕ್ತ ಹೆಚ್ಚಿಸುವ ಗುಳಿಗೆ, ತಿಂಗಳಿಗೊಮ್ಮೆ ತೂಕ. ನೀರಿನ ಟಾಕಿ ವಾರಕ್ಕೊಮ್ಮೆ ತೊಳೆಸುವ ರೂಢಿ ಹಾಕಿದವರೂ ಅವರೇ. ಆಮೇಲೆ ಮಳೆಗಾಲದ ವಾಂತಿಭೇದಿ ಕಡಿಮೆಯಾಯಿತು.

ಕಳೆದ ಸೆಪ್ಟೆಂಬರಿನಲ್ಲಿ ಮಗಳು ಮೆಹರೀನಳಿಗೆ ಡೆಂಗಿ ಬಂದು ರೋಷನಬಿ ಗುರುವಾರದಿಂದ ಮೂರು ದಿನ ರಜೆ ಹಾಕಿದ್ದರು. ಸೋಮವಾರ ಮರಳಿದಾಗ ಆರನೇ ತರಗತಿಯ ಮಾನಮ್ಮ ಹಾಸಿಗೆ ಬಿಟ್ಟೆದ್ದಿರಲಿಲ್ಲ. ಬರೇ ನೆಗಡಿ ಎಂದರು ಎಲ್ಲರೂ. ಬಾಯಿ ತೆರೆಸಿ ನೋಡಿದರೆ ಗಂಟಲೊಳಗೆ ಬೂದು ಬಣ್ಣದ ಪೊರೆ, ಕುತ್ತಿಗೆ ಬಾತಿತ್ತು. ತರಬೇತಿಯಲ್ಲಿ ಚಿತ್ರದಲ್ಲಷ್ಟೇ ಕಂಡಿದ್ದ ರೋಗ, ಗಂಟಲಮಾರಿ, ಅಂದರೆ ಡಿಫ್ತೀರಿಯಾ.

"ನಾ ಇಲ್ಲದ ದಿನ ಈಕಿ ಯಾರ ಜೋಡಿ ಉಂಡಾಳ, ಯಾರ ಬಾಜೂ ಮಲಗ್ಯಾಳ ಅಂತ ಅದೊಂದೇ ತಲ್ಯಾಗ್ರೀ," ಎನ್ನುತ್ತಾರೆ ರೋಷನಬಿ.

ಬಾಜೂ ಮಲಗುತ್ತಿದ್ದವಳು ಮಲ್ಲಿಕಾ. ಮೈ ಬೆಚ್ಚಗಿದೆಯೆಂದು ಶನಿವಾರವೇ ಅಪ್ಪ ಬಂದು ಕಲಬುರಗಿ ಪಕ್ಕದ ಶರಣಸಿರಸಗಿಯ ಮನೆಗೆ ಕರೆದೊಯ್ದಿದ್ದರು. ಆಂಬ್ಯುಲೆನ್ಸಿನಲ್ಲಿ ಮಾನಮ್ಮನ ಪಕ್ಕ ಕುಳಿತು ಕಲಬುರಗಿ ಮುಟ್ಟುವವರೆಗೂ ರೋಷನಬಿ ಆ ಮನೆಗೆ ಫೋನು ಹಚ್ಚುತ್ತಲೇ ಇದ್ದರು. ಸ್ವಿಚ್ ಆಫ್. ಮಾನಮ್ಮನನ್ನು ಡಾಕ್ಟರ ಕೈಗೊಪ್ಪಿಸಿದವರೇ ಆಟೋ ಹಿಡಿದರು.

ಶರಣಸಿರಸಗಿಯ ಹೊಸ ಲೇಔಟುಗಳಲ್ಲಿ ಎಲ್ಲ ಓಣಿಯೂ ಒಂದೇ ಥರ. ಕೇಳುತ್ತ ಕೇಳುತ್ತ ಮನೆ ಸಿಗುವಷ್ಟರಲ್ಲಿ ಮಧ್ಯಾಹ್ನ ಮೂರಾಗಿತ್ತು. ಅಪ್ಪ ದೇವೀಂದ್ರಪ್ಪ ಮಗಳಿಗೆ ಮೆಣಸಿನ ಕಷಾಯ ಕುಡಿಸಲು ಹೆಣಗುತ್ತಿದ್ದರು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರೋಷನಬಿ ಮಲ್ಲಿಕಾಳನ್ನು ಬಾಗಿಲಲ್ಲೇ ಕೂಡಿಸಿಕೊಂಡು ನೋಡಿದರು. ಗಂಟಲಿನ ಎಡಗಡೆ ಅದೇ ಪೊರೆ. ದೇವೀಂದ್ರಪ್ಪನವರಿಗೆ ನಂಬಿಕೆ ಬರಲಿಲ್ಲ. ಹೆಂಡತಿ ಊರಿಂದ ಬರಲಿ, ನಾಳೆ ಮುಂಜಾನೆ ಕರೆತರುತ್ತೇನೆ ಎಂದರು.

"ಈ ರೋಗ ಮುಂಜಾನಿತನಕ ಕಾಯಂಗಿಲ್ಲ ಅಣ್ಣಾರ. ಉಸಿರು ಕಟ್ಟಾಕ ಒಂದು ತಾಸು ಸಾಕು. ಈಕಿನ್ನ ಕರಕೊಂಡೇ ನಾ ಇಲ್ಲಿಂದ ಏಳಾಕಿ."

ದೇವೀಂದ್ರಪ್ಪ ಮಗಳ ಮುಖವನ್ನೊಮ್ಮೆ, ರೋಷನಬಿಯನ್ನೊಮ್ಮೆ ನೋಡಿದರು. ಆಮೇಲೆ ಅಂಗಿ ತೊಟ್ಟರು.

ರೋಗದ ವಿಷ ಇಳಿಸುವ ಇಂಜೆಕ್ಷನ್ ಇಬ್ಬರಿಗೂ ಅದೇ ಸಂಜೆ ಬಿತ್ತು. ಆದರೆ ಎರಡು ವಾರ ಏನೂ ಹೇಳಲಾಗದು, ವಿಷ ಹೃದಯಕ್ಕೆ ಇಳಿಯಬಹುದು ಎಂದರು ಡಾಕ್ಟರು. ರೋಷನಬಿಗೆ ಮುಂಜಾನೆ ಶಾಲೆ, ಸಂಜೆ ಆಸ್ಪತ್ರೆ. ಉಳಿದ ಮಕ್ಕಳ ಗಂಟಲಿನ ದ್ರವ ತಪಾಸಣೆಗೆ ಹೋಯಿತು. ಎಲ್ಲರಿಗೂ ಗುಳಿಗೆ, ಲಸಿಕೆ. ಸುದ್ದಿ ತಿಳಿದು ಮಕ್ಕಳನ್ನು ಒಯ್ಯಲು ಬಂದ ಪಾಲಕರನ್ನು ಗೇಟಿನಲ್ಲಿ ತಡೆದು, ಈಗ ಒಯ್ದರೆ ರೋಗ ಮನೆಗೂ ಹೊಕ್ಕೀತು ಎಂದು ತಿಳಿಹೇಳಿದರು. ಬೈದವರೂ ಇದ್ದರು. ಮೂರನೆಯ ಮಗುವಿಗೆ ತಗುಲಲಿಲ್ಲ.

ಒಂಬತ್ತನೆಯ ದಿನ ಮಲ್ಲಿಕಾಳ ಎದೆಬಡಿತ ತಪ್ಪತೊಡಗಿತು. ಎರಡು ದಿನ ದೇವೀಂದ್ರಪ್ಪ ವಾರ್ಡಿನ ಹೊರಗೆ ನೀರೂ ಮುಟ್ಟದೆ ಕುಳಿತರು. ಸಂಜೆ ಬಂದ ರೋಷನಬಿ ಅವರ ಪಕ್ಕ ಕುಳಿತರು. ಮೂರನೆಯ ದಿನ ಬಡಿತ ಹದಕ್ಕೆ ಬಂತು. ಮಾನಮ್ಮ ಮೊದಲು, ಮಲ್ಲಿಕಾ ವಾರದ ನಂತರ ಮನೆಗೆ ಹೋದರು. ಈಗ ಇಬ್ಬರೂ ಬೆಳಗಿನ ಸಾಲಿನಲ್ಲಿದ್ದಾರೆ.

ರೋಗ ಬಂದಾಗ ಶಾಲೆಯ ಕಡತ ತೆಗೆದು ನೋಡಿದರೆ ಮೂವತ್ತೆಂಟು ಮಕ್ಕಳ ಲಸಿಕೆಗೆ ದಾಖಲೆಯೇ ಇರಲಿಲ್ಲ. ಈಗ ಪ್ರವೇಶದ ದಿನವೇ ಲಸಿಕೆ ಕಾರ್ಡು ಕೇಳುತ್ತಾರೆ, ಇಲ್ಲದಿದ್ದರೆ ಅಂದೇ ಸೂಜಿ ಹಾಕಿಸುತ್ತಾರೆ. ಆದರೂ ಹೆದರಿಕೆ ಬಿಟ್ಟಿಲ್ಲ. ಭಾನುವಾರ ಮನೆಯಿಂದ ಎರಡು ಸಲ ವಾರ್ಡನ್‌ಗೆ ಫೋನು ಮಾಡಿ ಯಾರು ಊಟ ಬಿಟ್ಟಿದ್ದಾರೆಂದು ವಿಚಾರಿಸುತ್ತಾರೆ.

ಶಾಲೆ ಮುಗಿಸಿ ಹೋಗುವ ಮಕ್ಕಳಿಂದ ಏನು ಬಯಸುತ್ತೀರಿ ಎಂದರೆ ರೋಷನಬಿ ಟಾರ್ಚು ಆರಿಸಿ ಹೇಳುತ್ತಾರೆ.

"ಬ್ಯಾನಿ ಬಿದ್ದವರಿಗಷ್ಟ ನರ್ಸಿನ ಹೆಸರು ನೆನಪಿರ್ತದ್ರೀ. ಇವರೆಲ್ಲಾ ನನ್ನ ಹೆಸರು ಮರೀಬೇಕು."