ಡಾಂಬರು ಬಿಡದ ಬಿಳಿ ಕುದುರೆ

ಬೀಡಿ ಎಂಬ ಊರಿನ ಆಚೆಗಿರುವ ಕೆರೆಯಂಗಳದ ಜೌಗನ್ನು ಸರಪಳಿ ಹಿಡಿದು ಅಳೆದು, ಕಡತದಲ್ಲಿ ‘ಖರಾಬು’ ಎಂದು ಬರೆದು, ಕೆಳಗೆ ದುಂಡಗೆ ಸಹಿ ಹಾಕಿದವನು ನಾನೇ. ಉಳುಮೆಗೆ ಬಾರದ ನೆಲಕ್ಕೆ ನಾವು ಭೂಮಾಪಕರು ಕೊಡುತ್ತಿದ್ದ ಬಿರುದು ಅದು. ಆಗಲೂ ಅಲ್ಲಿ ಕುರುಬರು ಹೇರು ಹೊರಿಸುವ ಗಿಡ್ಡ ಕುದುರೆಗಳು, ತಟ್ಟುಗಳು, ಮೇಯುತ್ತಿದ್ದವು. ನನ್ನ ಸಹಿಯನ್ನು ಅವು ಓದಲಿಲ್ಲ.

ನಿವೃತ್ತನಾಗಿ ಮಹಾಂತೇಶ ನಗರದಲ್ಲಿ ಕುಳಿತ ಮೇಲೆ ನನಗೆ ದಿನವೂ ಮಾತಿಗೆ ಸಿಗುತ್ತಿದ್ದವರು ಟಾಂಗಾ ಹೊಡೆಯುವ ಚಾಚಾ. ಕಡೆಕಡೆಗೆ ಅವರ ಟಾಂಗಾ ಏರುತ್ತಿದ್ದವರಿಗಿಂತ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದವರೇ ಹೆಚ್ಚು. ಮೊಣಕಾಲು ಸೋತಾಗ ಚಾಚಾ ಗಾಡಿ ಬಿಟ್ಟರು. ಬಿಳಿ ಹೆಣ್ಣುಕುದುರೆ ಉಳಿಯಿತು. ಕಟ್ಟುತ್ತಿದ್ದ ಜಾಗವನ್ನು ಮಾಲೀಕ ವಾಪಸು ಕೇಳಿದ್ದ. ಕುದುರೆಯನ್ನು ಕೇಳಿಕೊಂಡು ಬಂದವನು ಒಬ್ಬನೇ, ಮದುವೆ ಮೆರವಣಿಗೆಗೆ ಕುದುರೆ ಒದಗಿಸುವವನು.

“ಅಕಿಗೆ ಪಟಾಕಿ ಸಪ್ಪಳ ಅಂದ್ರ ಜೀವಾನ ಹೋಗತೈತ್ರಿ ಸಾಹೇಬ್ರ. ಡೀಜೆ ಮುಂದ ನಿಂದರ್ಸಿದ್ರ ಒಂದು ಲಗ್ನದ ಸೀಜನ್ ಸುದ್ದಾ ದಾಟೂದಿಲ್ಲ,” ಎಂದರು ಚಾಚಾ.

ನಾನು ಬೀಡಿಯ ತಟ್ಟುಗಳ ಸುದ್ದಿ ತೆಗೆದೆ. ಕುರುಬರ ಹಾಸಿಗೆ, ಪಾತ್ರೆ, ಎಳೆಮರಿ ಎಲ್ಲ ಈಗ ಟೆಂಪೋದಲ್ಲಿ ಹೋಗುತ್ತವೆ. ತಟ್ಟುಗಳು ನನ್ನಂತೆಯೇ ನಿವೃತ್ತ, ಪಿಂಚಣಿ ಮಾತ್ರ ಇಲ್ಲ. ಹನ್ನೆರಡೋ ಹದಿಮೂರೋ ತಟ್ಟು ಕೆರೆಯಂಗಳದಲ್ಲಿ ತಮ್ಮಷ್ಟಕ್ಕೆ ತಾವು ಬದುಕಿವೆ. ಅವುಗಳ ಜೊತೆ ಇವಳನ್ನೂ ಬಿಟ್ಟರಾಯಿತು. ಚಾಚಾ, “ಶುಕ್ರವಾರದೊಳಗ ಹೊಂದ್ಕೊಂಡ್ರ ಖರೇ. ಇಲ್ಲಾಂದ್ರ ಅವಂಗ ಒಪ್ಪಿಸೂದ,” ಎಂದರು.

ಬುಧವಾರ ಟೆಂಪೋದಲ್ಲಿ ಖಾನಾಪುರ ದಾಟಿ ಬೀಡಿಗೆ ಹೋದೆವು. ಏರಿಯ ಬಾಜು ಗುಡಿಸಲಲ್ಲಿ ಇರುವ ಕುರುಬರ ಮುದುಕಿ ಕುದುರೆಯ ಮುಖ ನೋಡಲಿಲ್ಲ, ಕಾಲು ನೋಡಿದಳು.

“ಮದಲ ಆ ಕಬ್ಬಿಣ ಕೀಳ್ರಿ. ಹೊಸಾ ತಟ್ಟು ಬಂದ್ರ ನಾವು ಬರಿಗಾಲಲೇ ನೀರಿಗೆ ಬಿಡೂದು.”

ಚಾಚಾರ ಮುಖ ಬಿಗಿಯಿತು. ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಅವರು ಹಿಂದಿನ ದಿನವೇ ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆಸಿದ್ದರು. “ನಮ್ಮ ಮನ್ಯಾಗಿಂದ ಅಕಿ ಬರಿಗಾಲಲೇ ಹೋಗಾಂಗಿಲ್ಲ ಬೇ,” ಎಂದುಬಿಟ್ಟರು.

ಹಾಗಾಗಿ ಕುದುರೆ ಡಾಂಬರು ರಸ್ತೆ ಬಿಡಲಿಲ್ಲ. ಎರಡು ದಿನ ರಸ್ತೆಯ ಎಡಬದಿಯಲ್ಲಿ, ಸಂಚಾರ ನಿಯಮಕ್ಕೆ ಒಂದಿಷ್ಟೂ ಚ್ಯುತಿ ಬಾರದಂತೆ ನಿಂತಿತು. ಬಸ್ಸು ಹಾರ್ನ್ ಹಾಕಿದರೆ ಸಭ್ಯತೆಯಿಂದ ಸರಿಯಿತು. ಬಸ್ಸಿನಿಂದ ಯಾರಾದರೂ ಇಳಿದರೆ ಹೊರಳಿ ನೋಡಿತು, ಸವಾರಿ ಸಿಕ್ಕಿತೇನೋ ಎಂದು. ಒಮ್ಮೆ ಕೆಸರಿಗೆ ಮುಂಗಾಲು ಇಟ್ಟಿತು. ಲಾಳ ಜಾರಿತು. ಕಾಲು ಹಿಂದೆಗೆದುಕೊಂಡು ಮತ್ತೆ ಡಾಂಬರಿಗೇ ಬಂತು.

ನಾನು ಏರಿಯ ಮೇಲೆ ಕುಳಿತು ಗಂಭೀರವಾಗಿ ತಟ್ಟುಗಳ ಸರ್ವೆಗೆ ತೊಡಗಿದೆ. ಬೆಳಿಗ್ಗೆ ಏರಿಯ ಇಳಿಜಾರಿನ ಗಿಡ್ಡ ಹುಲ್ಲು. ಬಿಸಿಲೇರಿದ ಮೇಲೆ ನೊಣದ ಕಾಟಕ್ಕೆ ಹೊಟ್ಟೆಮಟ್ಟದ ನೀರು. ಗಾಳಿ ಎದ್ದರೆ ಜೇಕು ಹುಲ್ಲಿನ ನಡುವಿನ ಅಂಗೈಯಗಲದ ದಿಬ್ಬ, ಎಲ್ಲವೂ ಗಾಳಿಗೆ ಬೆನ್ನು ಕೊಟ್ಟು. ಕಿವಿ ನೀರಿಗೆ ತಾಕುವಷ್ಟು ತಲೆ ಮುಳುಗಿಸಿ ಬೇರು ಸಮೇತ ಹುಲ್ಲು ಕಿತ್ತು, ಮೇಲೆದ್ದು ಫುರ್ರೆಂದು ಮೂಗು ಕೊಡವುತ್ತಿದ್ದವು. ಬೆನ್ನ ಮೇಲೆ ಬೆಳ್ಳಕ್ಕಿಗಳು ಅಲ್ಲಾಡದೆ ನಿಂತಿರುತ್ತಿದ್ದವು. ಒಂದೇ ದಿನದಲ್ಲಿ ಅವಕ್ಕೆ ಮೂರು ಊರು ಅಲ್ಲಿ, ನಾನು ಒಂದೇ ಪದದಲ್ಲಿ ಮುಗಿಸಿದ್ದ ನೆಲದಲ್ಲಿ. ಮಧ್ಯಾಹ್ನದ ಹೊತ್ತಿಗೆ ಬರೆಯುವುದನ್ನು ನಿಲ್ಲಿಸಿ ಬರೀ ನೋಡತೊಡಗಿದೆ.

ಶುಕ್ರವಾರ ಬೆಳಿಗ್ಗೆ ಮೆರವಣಿಗೆಯವನ ಫೋನು ಬಂತು, ಸಂಜೆ ಗಾಡಿ ಕಳಿಸಲೇ ಎಂದು. ಚಾಚಾ “ಆಮ್ಯಾಲ ಹೇಳತೀನಿ” ಎಂದು ಫೋನಿಟ್ಟರು. ಮುದುಕಿ ಅಲ್ಲೇ ಇದ್ದಳು.

“ಅಲ್ಲೋ ಯಪ್ಪಾ, ಅದು ಎರಡು ದಿನದಿಂದ ನಿಂತದ್ದು ನಿನ್ನ ಮರ್ಯಾದಿ ಮ್ಯಾಲ. ಒಂದೀಟು ಇಳಿಯಾಕ ಬಿಡು ಅದನ್ನ.”

ಚಾಚಾ ಚೀಲದಿಂದ ಇಕ್ಕಳ ತೆಗೆದು, ನೋಯುವ ಮೊಣಕಾಲು ಊರಿ ರಸ್ತೆಯಂಚಿನಲ್ಲಿ ಕುಳಿತರು. ಕುದುರೆ ತಾನಾಗಿಯೇ ಕಾಲೆತ್ತಿ ಅವರ ತೊಡೆಯ ಮೇಲಿಟ್ಟಿತು. ಒಂದೊಂದೇ ಮೊಳೆ ಎಬ್ಬಿಸಿ ಲಾಳ ಬಿಡಿಸಿದರು. ನಾಲ್ಕನೆಯದು ಬಿದ್ದ ಮೇಲೂ ಆ ಕಾಲನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು.

ಕುದುರೆ ಕೆಸರಿಗೆ ಕಾಲಿಟ್ಟಿತು. ಗೊರಸು ಅಗಲವಾಗಿ ಊರಿ ನಿಂತಿತು, ಜಾರಲಿಲ್ಲ. ತಗ್ಗಿನಲ್ಲಿದ್ದ ಮುದಿ ಕಂದು ತಟ್ಟು ತಲೆಯೆತ್ತಿ ನೋಡಿ, ಹೊರಳಿ ನೀರೊಳಗೆ ನಡೆಯಿತು. ಉಳಿದವು ಅದರ ಹಿಂದೆ ಒಂದೇ ಸಾಲು. ಸಾಲಿನ ಕೊನೆಗೆ ನಮ್ಮ ಬಿಳಿಯದು.

ನಾನು ಎದ್ದು ನಿಂತೆ. ಅವು ಹೊರಟದ್ದು ಕೆರೆಯ ನಟ್ಟನಡುವಿಗೆ. ಹಿಂದೆ ಅದೇ ಕಡೆ ಸರಪಳಿ ಹಿಡಿದ ನಮ್ಮಾತ ಸೊಂಟದವರೆಗೆ ಹೂತು, ನಾಲ್ಕು ಜನ ಎಳೆದು ತೆಗೆದಿದ್ದೆವು. ಹದಿಮೂರು ಕುದುರೆಗಳು ಮೊಣಕಾಲುದ್ದ ನೀರಿನಲ್ಲಿ, ಒಂದು ಗೊರಸೂ ತಪ್ಪದೆ, ಎರಡು ಕಡೆ ಬಾಗಿ ತಿರುಗಿ, ಕಾಣದ ದಾರಿಯೊಂದರ ಮೇಲೆ ನಡೆದವು.

“ಅದು ಹಳೇ ಚಕ್ಕಡಿ ದಾರೀರಿ,” ಎಂದಳು ಮುದುಕಿ. “ನಮ್ಮತ್ತಿ ಕಾಲಕ್ಕ ಮುಳುಗಿದ್ದು. ನಮಗ ಈಗ ಸಿಗೂದಿಲ್ಲ. ಅವಕ್ಕ ತಾಯಂದಿರು ತೋರಿಸಿಕೋತ ಬಂದಾವ.”

ನನ್ನ ನಕ್ಷೆಯಲ್ಲಿ ಆ ದಾರಿ ಇರಲಿಲ್ಲ. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಇಲಾಖೆಯ ಪರವಾಗಿ ಅಷ್ಟಾದರೂ ಮಾಡಬೇಕಿತ್ತು.

ಆಚೆ ದಿಬ್ಬದ ಪಕ್ಕದಲ್ಲಿ ಬಿಳಿ ಕುದುರೆ, ಹೊಟ್ಟೆಯವರೆಗೆ ಕೆಸರು, ಮೂಗನ್ನು ನೀರಿಗೆ ಇಳಿಸಿತು, ತೆಗೆಯಿತು, ಮತ್ತೆ ಕಣ್ಣು ಮುಳುಗುವವರೆಗೆ ಇಳಿಸಿತು. ಬಾಯ್ತುಂಬ ಹುಲ್ಲಿನೊಂದಿಗೆ ಎದ್ದಿತು.

ಆಗ ಚಾಚಾ ನಾಲಿಗೆಯಿಂದ ಟಕ್ ಟಕ್ ಎಂದರು, ಟಾಂಗಾ ಹೊರಡಿಸುವ ಸಪ್ಪಳ. ಕುದುರೆಯ ಎರಡೂ ಕಿವಿ ಇತ್ತ ತಿರುಗಿದವು. ಒಂದು ಕಾಲು ಎತ್ತಿತು. ಎತ್ತಿದ ಕಾಲನ್ನು ಅಲ್ಲೇ ಇಳಿಸಿ ಹುಲ್ಲು ಅಗಿಯತೊಡಗಿತು.

“ಇನ್ನೊಮ್ಮೆ ಕರೀರಿ ಚಾಚಾ, ದೂರ ಐತಿ,” ಎಂದೆ.

“ಬ್ಯಾಡ್ರಿ. ಇನ್ನೊಮ್ಮೆ ಕರದ್ರ ಬಂದ್ರೂ ಬಂದಾಳ,” ಎಂದವರೇ, ನಾಲಿಗೆ ಎಲ್ಲಿ ತಾನಾಗಿಯೇ ಸಪ್ಪಳ ಮಾಡಿಬಿಡುತ್ತದೋ ಎನ್ನುವಂತೆ ಹೆಗಲ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡರು.